ತೇರೊಂದು ಬಂದಿಲ್ಲ ನೋಡ್ರಿ

ಹರಪನಹಳ್ಳಿಯ ಸ್ಟುಡಿಯೋ ಯಜಮಾನರು ರೀಲು ತೊಳೆದು, ಕ್ಲಿಪ್ಪಿಗೆ ತೂಗುಹಾಕಿ, ಒಣಗಿದ ಮೇಲೆ ಬಾಗಿಲಿಗೆ ತಂದು ಬೆಳಕಿಗೆ ಹಿಡಿದರು. ಇಡೀ ಫಿಲ್ಮು ಸೋಸಿದ ನೀರಿನಷ್ಟು ತಿಳಿಯಾಗಿತ್ತು. ಅಂಚಿನಲ್ಲಿ ಮಾತ್ರ 1, 2, 3 ಎಂದು 36ರ ತನಕ ಅಂಕಿಗಳು ಅಚ್ಚುಕಟ್ಟಾಗಿ ಮೂಡಿದ್ದವು. ಆ ಅಂಕಿಗಳು ಕಾರ್ಖಾನೆಯಲ್ಲೇ ಬೆಳಕು ಕಂಡಿರುತ್ತವೆ. ಅವು ಮೂಡಿವೆ ಎಂದರೆ ತೊಳೆದವರ ತಪ್ಪೇನಿಲ್ಲ. ಯಜಮಾನರು ಕನ್ನಡಕ ಹಣೆಗೇರಿಸಿ ನನ್ನ ಮುಖ ನೋಡಿದರು. ‘ನಂಬರೆಲ್ಲ ಬಂದಾವ್ರಿ ಮೇಷ್ಟ್ರೆ, ತೇರೊಂದು ಬಂದಿಲ್ಲ ನೋಡ್ರಿ’ ಅಂದರು.

ತೊಂಬತ್ತರ ದಶಕದ ಮಾತು. ಹಿಂದಿನ ವಾರ ಕೊಟ್ಟೂರೇಶ್ವರನ ತೇರಿನಲ್ಲಿ ನಾಲ್ಕು ತಾಸು ಬಿಸಿಲು ಕುಡಿದು, ಯಾರದೋ ಮಾಳಿಗೆ ಹತ್ತಿ, ಬಾಳೆಹಣ್ಣು ಉತ್ತತ್ತಿಗಳ ಏಟು ತಿಂದು, ಒಂದು ರೀಲು ಪೂರ್ತಿ ಖಾಲಿ ಮಾಡಿದ್ದೆ. ಅಷ್ಟೂ ಹೊತ್ತು ಲೆನ್ಸಿನ ಮುಚ್ಚಳ ಲೆನ್ಸಿನ ಮೇಲೇ ಇತ್ತು.

ಮುಚ್ಚಳ ಹಾಕಿಕೊಂಡೇ ಫೋಟೊ ತೆಗೆಯುವಷ್ಟು ದಡ್ಡನೇ ಎಂದು ಈಗಿನ ಹುಡುಗರು ನಗಬಹುದು. ನನ್ನ ಕೈಲಿದ್ದ ಕ್ಯಾಮೆರಾದ ಜಾತಿಯೇ ಅಂಥದ್ದು. ಮಸ್ಕತ್ತಿನಲ್ಲಿ ಕೆಲಸಕ್ಕಿದ್ದ ಸೋದರಮಾವ ತಂದುಕೊಟ್ಟ ಯಾಶಿಕಾ ಎಲೆಕ್ಟ್ರೋ 35, ಅಂದರೆ ರೇಂಜ್‌ಫೈಂಡರ್. ಇದರಲ್ಲಿ ಕಣ್ಣಿಗೊಂದು ದಾರಿ, ಫಿಲ್ಮಿಗೊಂದು ದಾರಿ. ನಾವು ನೋಡುವುದು ಮೇಲಿನ ಮೂಲೆಯ ಪುಟ್ಟ ಗಾಜಿನ ಕಿಟಕಿಯಿಂದ, ಫಿಲ್ಮು ನೋಡುವುದು ಲೆನ್ಸಿನಿಂದ. ಲೆನ್ಸು ಮುಚ್ಚಿದ್ದರೂ ಕಿಟಕಿಯಲ್ಲಿ ತೇರು ಝಗಝಗ ಕಾಣುತ್ತದೆ. ಬೆಳಕು ಅಳೆಯುವ ಕಣ್ಣಾದರೂ ಎಚ್ಚರಿಸಬೇಕಿತ್ತು. ಅದೂ ಈ ಕ್ಯಾಮೆರಾದಲ್ಲಿ ಲೆನ್ಸಿನ ಹೊರಗೇ ಕೂತಿದೆ. ಬೆಳಕು ಹೆಚ್ಚಾದರೆ ಕೆಂಪು ದೀಪ, ಕಡಿಮೆಯಾದರೆ ಹಳದಿ ದೀಪ. ಕೊಟ್ಟೂರಿನ ಬಿಸಿಲಿಗೆ ಎರಡೂ ಹತ್ತದಂತೆ ರಿಂಗು ತಿರುಗಿಸಿಕೊಂಡು, ಎಲ್ಲ ಸರಿಯಾಗಿದೆ ಎಂದು ಬೀಗುತ್ತಿದ್ದೆ.

ರೇಂಜ್‌ಫೈಂಡರ್ ಎಂದರೆ ದೂರ ಅಳೆಯುವ ಸಲಕರಣೆ. ಕೈ ಚಾಚಿ ಹೆಬ್ಬೆರಳು ಎತ್ತಿ, ಎಡಗಣ್ಣು ಬಲಗಣ್ಣುಗಳನ್ನು ಒಂದಾದ ಮೇಲೊಂದು ಮುಚ್ಚಿ ನೋಡಿ. ಹೆಬ್ಬೆರಳು ಎದುರಿನ ಗೋಡೆಯ ಮೇಲೆ ಅತ್ತಿಂದಿತ್ತ ಜಿಗಿಯುತ್ತದೆ. ಕೈ ಮಡಿಚಿ ಬೆರಳನ್ನು ಹತ್ತಿರ ತಂದರೆ ಜಿಗಿತ ಹೆಚ್ಚು, ದೂರ ಒಯ್ದರೆ ಕಡಿಮೆ. ಎರಡು ಕಣ್ಣಿನ ನಡುವಿನ ಈ ಅಂತರದಿಂದಲೇ ನಮ್ಮ ಮಿದುಳು ದೂರವನ್ನು ಅಂದಾಜು ಮಾಡುವುದು. ಕ್ಯಾಮೆರಾದಲ್ಲೂ ಹಾಗೇ ಮುಂಭಾಗದಲ್ಲಿ ಎರಡು ಕಿಂಡಿಗಳಿವೆ. ದೊಡ್ಡ ಕಿಂಡಿಯ ದೃಶ್ಯದ ನಡುವೆ, ಸಣ್ಣ ಕಿಂಡಿಯಿಂದ ಕನ್ನಡಿ ಹಾದು ಬಂದ ಇನ್ನೊಂದು ದೃಶ್ಯ ಮಸುಕು ಹಳದಿ ಮಚ್ಚೆಯಾಗಿ ಬೀಳುತ್ತದೆ. ಲೆನ್ಸು ತಿರುಗಿಸಿದಂತೆ ಆ ಕನ್ನಡಿಯೂ ಕೂದಲೆಳೆಯಷ್ಟು ತಿರುಗುತ್ತದೆ. ಮೊದಲು ಗೌಡರ ಮೂಗಿನ ಪಕ್ಕ ಇನ್ನೊಂದು ಮೂಗು ಕಾಣುತ್ತದೆ. ಎರಡು ಮೂಗೂ ಕೂಡಿ ಒಂದಾದ ಗಳಿಗೆಯಲ್ಲಿ ಫೋಕಸ್ಸು ಕೂತಿತು ಎಂದರ್ಥ. ಫಿರಂಗಿ ದಳದವರು ಗುರಿ ಎಷ್ಟು ದೂರದಲ್ಲಿದೆ ಎಂದು ಅಳೆಯುತ್ತಿದ್ದುದೂ ಇದೇ ಲೆಕ್ಕದಲ್ಲಿ. ಜರ್ಮನಿಯ ಲೈಕಾ 1925ರಲ್ಲಿ ಮಾರುಕಟ್ಟೆಗೆ ಬಂತು. 1932ರ ಮಾದರಿಯಲ್ಲಿ ಈ ಸಲಕರಣೆ ಲೆನ್ಸಿನ ಜೊತೆಗೇ ಬೆಸೆದುಕೊಂಡಿತು. 1954ರ ಎಂ3 ಬಂದ ಮೇಲಂತೂ ಪತ್ರಿಕಾ ಛಾಯಾಗ್ರಾಹಕರ ಕೊರಳಲ್ಲಿ ಅದೇ. 1959ರಲ್ಲಿ ನಿಕಾನ್ ಎಫ್ ಬಂದು, ಲೆನ್ಸಿನ ಒಳಗಿಂದಲೇ ನೋಡುವ ಎಸ್‌ಎಲ್‌ಆರ್ ಕ್ಯಾಮೆರಾಗಳು ಪಾರುಪತ್ಯ ವಹಿಸಿಕೊಂಡವು.

ಕೂಡ್ಲಿಗಿಯಲ್ಲಿ ಗಾಂಧೀಜಿಯ ಚಿತಾಭಸ್ಮ ಇರಿಸಿದ ಹುತಾತ್ಮರ ಸ್ಮಾರಕವಿದೆ. ಆ ಕಡೆ ಹೋದಾಗಲೆಲ್ಲ ನನಗೆ ನೆನಪಾಗುವುದು ಫ್ರಾನ್ಸಿನ ಆನ್ರಿ ಕಾರ್ಟಿಯೆ ಬ್ರೆಸ್ಸೋನ್. 1948ರ ಜನವರಿ 30ರಂದು ದೆಹಲಿಯ ಬಿರ್ಲಾ ಭವನದಲ್ಲಿ ಗಾಂಧಿಯನ್ನು ಕಂಡು ಹೊರಬಂದ ಕೆಲವೇ ಹೊತ್ತಿಗೆ ಆತನಿಗೆ ಹತ್ಯೆಯ ಸುದ್ದಿ ತಲುಪಿತು. ಆಮೇಲಿನ ಶವಯಾತ್ರೆ, ಚಿತೆ, ಚಿತೆಯ ಸುತ್ತಲಿನ ಜನಸಾಗರ ಎಲ್ಲವನ್ನೂ ಆತ ಹಿಡಿದದ್ದು ಅಂಗೈಯಗಲದ ಲೈಕಾದಲ್ಲಿ. ಕೂಡ್ಲಿಗಿಗೆ ಬಂದ ಹಿಡಿ ಬೂದಿಯ ಹಿಂದಿನ ಕಥೆಯನ್ನು ನಾವು ಇವತ್ತು ನೋಡುತ್ತಿರುವುದರಲ್ಲಿ ಒಂದು ಪಾಲು ಈ ಎರಡು ಕಿಂಡಿಯ ಕ್ಯಾಮೆರಾದ ಋಣ.

ಈ ಕ್ಯಾಮೆರಾದ ಬೆಲೆ ನನಗೆ ಗೊತ್ತಾದದ್ದು ಮೈಲಾರದಲ್ಲಿ. ಹೂವಿನಹಡಗಲಿ ತಾಲ್ಲೂಕಿನ ಮೈಲಾರಲಿಂಗನ ಜಾತ್ರೆ, ಭಾರತ ಹುಣ್ಣಿಮೆಯ ಆಸುಪಾಸು. ಡೆಂಕನಮರಡಿಯಲ್ಲಿ ಲಕ್ಷಗಟ್ಟಲೆ ಜನ. ಗೊರವಯ್ಯ ಎತ್ತರದ ಬಿಲ್ಲನ್ನು ಸರಸರ ಏರಿ ‘ಸದ್ದಲೇ’ ಎನ್ನುತ್ತಾನೆ. ಡಮರುಗ, ಪೀಪಿ, ಕೂಗಾಟ, ಅಳುವ ಕೂಸು ಎಲ್ಲ ಒಂದೇ ಏಟಿಗೆ ನಿಂತುಹೋಗುತ್ತವೆ. ಅಷ್ಟು ಜನರ ನಡುವೆ ಅಂಥ ಮೌನವನ್ನು ನಾನು ಬೇರೆಲ್ಲೂ ಕಂಡಿಲ್ಲ. ಮಳೆ ಬೆಳೆ ರಾಜಕಾರಣ ಎಲ್ಲಕ್ಕೂ ಅರ್ಥ ಹಚ್ಚಬಹುದಾದ ಒಂದು ಸಾಲಿನ ಕಾರ್ಣಿಕ ನುಡಿದು, ಅವನು ಮೇಲಿಂದ ಹಿಂದಕ್ಕೆ ಬಿದ್ದುಬಿಡುತ್ತಾನೆ, ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ. ಎಲ್ಲ ಸೇರಿ ಒಂದು ನಿಮಿಷವೂ ಇಲ್ಲ.

ಆ ಮೌನದಲ್ಲಿ ಪಕ್ಕದ ಪತ್ರಿಕೆಯವರ ಎಸ್‌ಎಲ್‌ಆರ್ ‘ಟಪಾರ್’ ಎಂದಾಗ ಮುಂದಿನ ಸಾಲಿನ ನಾಲ್ಕು ಅಜ್ಜಂದಿರು ತಿರುಗಿ ನೋಡಿದರು. ಆ ಕ್ಯಾಮೆರಾದೊಳಗೆ ಒಂದು ಕನ್ನಡಿ ಇರುತ್ತದೆ. ಲೆನ್ಸಿನ ಬೆಳಕನ್ನು ಕಣ್ಣಿಗೆ ಕಳಿಸುವುದು ಅದರ ಕೆಲಸ. ಫೋಟೊ ತೆಗೆಯುವ ಕ್ಷಣಕ್ಕೆ ಅದು ಮೇಲಕ್ಕೆ ಹಾರಿ ಬಡಿಯಬೇಕು, ಆಗ ನೋಡುವವನಿಗೆ ಕಣ್ಣು ಕತ್ತಲು. ಅಂದರೆ ಎಸ್‌ಎಲ್‌ಆರಿನವನು ತಾನು ತೆಗೆದ ಆ ಕ್ಷಣವೊಂದನ್ನು ಬಿಟ್ಟು ಉಳಿದೆಲ್ಲವನ್ನೂ ನೋಡಿರುತ್ತಾನೆ. ನನ್ನ ಎಲೆಕ್ಟ್ರೋದಲ್ಲಿ ಕನ್ನಡಿಯ ಕುಣಿತವಿಲ್ಲ. ಲೆನ್ಸಿನ ನಡುವೆಯೇ ಎಲೆಗಳಂಥ ಷಟರು ‘ಚಿಕ್’ ಎಂದು ತೆರೆದು ಮುಚ್ಚುತ್ತದೆ, ಹಲ್ಲಿ ಲೊಚಗುಟ್ಟಿದಷ್ಟೇ ಸದ್ದು. ಗೊರವಯ್ಯ ಕೈಬಿಟ್ಟ ಗಳಿಗೆಯನ್ನು ನಾನು ಕಣ್ಣಾರೆ ನೋಡುತ್ತಲೇ ಒತ್ತಿದೆ. ಒತ್ತಿದ್ದು ಒಂದೇ ಸಲ, ಮುಂದಿನದಕ್ಕೆ ಲಿವರ್ ಎಳೆಯುವುದರೊಳಗೆ ಅವನು ನೆಲ ಸೇರಿದ್ದ. (ಮುಚ್ಚಳ ತೆಗೆದಿದ್ದೆ. ಕೊಟ್ಟೂರಾದ ಮೇಲೆ ಅದನ್ನು ದಾರ ಕಟ್ಟಿ ಕೊರಳಿಗೇ ಹಾಕಿಕೊಳ್ಳುತ್ತಿದ್ದೆ.)

ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯ. ಆ ಕಿಟಕಿಯಲ್ಲಿ ಫೋಟೊಕ್ಕೆ ಬರುವ ಭಾಗಕ್ಕೆ ಒಂದು ಗೆರೆಯ ಚೌಕಟ್ಟು ಇರುತ್ತದೆ. ಗೆರೆಯ ಆಚೆಗೂ ಒಂದಿಷ್ಟು ಲೋಕ ಕಾಣುತ್ತದೆ. ತೇರಿನ ಹಗ್ಗ ಹಿಡಿದವರ ಕಡೆಗೆ ಕ್ಯಾಮೆರಾ ಹಿಡಿದಿದ್ದರೂ, ಎಡಗಡೆಯಿಂದ ಓಡಿ ಬರುತ್ತಿರುವ ಹುಡುಗ ಚೌಕಟ್ಟಿಗೆ ಕಾಲಿಡುವ ಮೊದಲೇ ಕಣ್ಣಿಗೆ ಬಿದ್ದಿರುತ್ತಾನೆ. ಅವನಿಗಾಗಿ ಕಾಯಬಹುದು, ಅಥವಾ ಅವನು ಬರುವುದರೊಳಗೆ ಒತ್ತಬಹುದು. ಎಸ್‌ಎಲ್‌ಆರಿನ, ಮೊಬೈಲಿನ ಚೌಕಟ್ಟಿಗೆ ಗೋಡೆಯಿದೆ. ಗೋಡೆಯಾಚೆಯದು ಒಳಗೆ ಬಂದ ಮೇಲಷ್ಟೇ ಕಾಣುವುದು.

ಹೀಗೆಂದು ರೇಂಜ್‌ಫೈಂಡರನ್ನು ಪೂಜೆಗಿಡಲು ನಾನು ತಯಾರಿಲ್ಲ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆಗೆ ಇದನ್ನು ಒಯ್ದು ನೋಡಿ, ಗೊತ್ತಾಗುತ್ತದೆ. 244 ಎಕರೆಯ ಕೆರೆ, ನೀರಲ್ಲೇ ನಿಂತ ಜಾಲಿ ಮರಗಳು, ಮರದ ತುಂಬ ಗೂಡು. ಮೂವತ್ತು ಸಾವಿರಕ್ಕೂ ಹೆಚ್ಚು ನೀರುಹಕ್ಕಿಗಳು ಇಲ್ಲಿ ನೆಲೆಸುತ್ತವೆ ಎಂಬ ಲೆಕ್ಕವಿದೆ. 2024ರಲ್ಲಿ ಜಗತ್ತಿನ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರಿತು. ನನ್ನ 45 ಮಿಲಿಮೀಟರ್ ಲೆನ್ಸಿನಲ್ಲಿ ಅಷ್ಟೂ ಬಣ್ಣದ ಕೊಕ್ಕರೆಗಳು ಅನ್ನದ ಮೇಲಿನ ಜೀರಿಗೆಯಂತೆ ಬಂದಿದ್ದವು. ದುಬಾರಿ ಲೈಕಾ ಇದ್ದರೂ ಬಚಾವಾಗುತ್ತಿರಲಿಲ್ಲ. ಎರಡು ಕಿಂಡಿಗಳ ನಡುವಿನ ಅಂತರ ಕೆಲವೇ ಸೆಂಟಿಮೀಟರಾದ್ದರಿಂದ ದೂರದ ಹಕ್ಕಿಯ ಜಿಗಿತ ಅದಕ್ಕೆ ಸರಿಯಾಗಿ ಸಿಗುವುದಿಲ್ಲ. 135 ಮಿಲಿಮೀಟರ್ ದಾಟಿದರೆ ಈ ಪದ್ಧತಿಗೆ ದಮ್ಮು ಕಟ್ಟುತ್ತದೆ. ಪಕ್ಕದ ಸಂಡೂರಿನ ಎಂ.ವೈ. ಘೋರ್ಪಡೆಯವರು ರಾಜಕಾರಣದ ನಡುವೆಯೇ ಕಪ್ಪು ಬಿಳುಪಿನಲ್ಲಿ ವನ್ಯಜೀವಿ ಚಿತ್ರಗಳನ್ನು ತೆಗೆದು ಜಗತ್ತಿನ ಮನ್ನಣೆ ಪಡೆದವರು. ಅಂಥ ಕೆಲಸಕ್ಕೆ ಉದ್ದ ಲೆನ್ಸು ಬೇಕು, ಲೆನ್ಸಿನೊಳಗಿಂದಲೇ ನೋಡಬೇಕು.

ಫಿಲ್ಮಿನ ಬಗ್ಗೆಯಂತೂ ನನಗೆ ಹನಿ ಕಣ್ಣೀರೂ ಇಲ್ಲ. ಪಟ್ಟಣದವರು ಈಗ ಫಿಲ್ಮನ್ನು ಮತ್ತೆ ಅಪ್ಪಿಕೊಂಡು ಕವಿತೆ ಬರೆಯುತ್ತಿದ್ದಾರೆ. ಅವರು ನಮ್ಮ ಏಪ್ರಿಲ್ ತಿಂಗಳಲ್ಲಿ ರೀಲನ್ನು ಸ್ಕೂಟರಿನ ಡಿಕ್ಕಿಯಲ್ಲಿಟ್ಟು ಕೂಡ್ಲಿಗಿಯಿಂದ ಉಜ್ಜಿನಿಗೆ ಹೋಗಿ ಬರಲಿ. ಬಿಸಿಲಿಗೆ ಬಣ್ಣದ ಫಿಲ್ಮು ಕಂದುತ್ತದೆ, ಚಿತ್ರಕ್ಕೆಲ್ಲ ಒಂಥರಾ ಕಾಮಾಲೆ. ಕೆಂಧೂಳಿನ ಒಂದು ಕಣ ಒಳಸೇರಿದರೆ ಸಾಕು, ರೀಲು ಸುತ್ತಿದಷ್ಟೂ ಉದ್ದಕ್ಕೆ ಗೀರು. ಕಪ್ಪು ಬಿಳುಪಾದರೆ ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್‌ನವರ ‘ಇಂದು’ ಫಿಲ್ಮು. ಊರ ಸ್ಟುಡಿಯೋದವರೇ ತೊಳೆಯುತ್ತಿದ್ದರು. ಬಣ್ಣದ್ದಾದರೆ ದಾವಣಗೆರೆಯ ಲ್ಯಾಬಿಗೇ ಹೋಗಬೇಕು. ಬೆಳಗಿನ ಬಸ್ಸಿನ ಕಂಡಕ್ಟರ್ ಕೈಗೆ ರೀಲಿನ ಡಬ್ಬಿ ಕೊಟ್ಟು ಕಳಿಸಿದರೆ ಪ್ರಿಂಟು ಮೂರನೇ ದಿನಕ್ಕೋ ಮುಂದಿನ ಸೋಮವಾರಕ್ಕೋ ವಾಪಸ್ಸು. ಒಮ್ಮೆ ನನ್ನ ಡಬ್ಬಿ ಬದಲು ಯಾರದೋ ಮದುವೆಯ 36 ಫೋಟೊ ಬಂದವು. ಮದುಮಗಳ ಮುಖ ಇನ್ನೂ ನೆನಪಿದೆ. ನನ್ನ ಕುರುವತ್ತಿ ದೇವಸ್ಥಾನದ ಮದನಿಕೆಯರು ಯಾರ ಮನೆ ಸೇರಿದರೋ.

ಬಾಗಳಿಯ ಕಲ್ಲೇಶ್ವರ ಗುಡಿಯ ಒಳಗೆ ಹೊಕ್ಕರೆ ಡಿಜಿಟಲ್ ಯಾಕೆ ಗೆದ್ದಿತು ಎಂಬುದು ಇನ್ನೂ ಚೆನ್ನಾಗಿ ತಿಳಿಯುತ್ತದೆ. ಹೊರಗಿನ ಬೆಳಕಿನಿಂದ ಕಂಬಗಳ ನಡುವೆ ಕಾಲಿಟ್ಟ ಕೂಡಲೇ ಕಣ್ಣು ಕುರುಡಾಗುತ್ತದೆ. ನೂರು ಐಎಸ್‌ಒ ಫಿಲ್ಮಿಗೆ ಅಲ್ಲಿ ಅರ್ಧ ಸೆಕೆಂಡು, ಒಂದು ಸೆಕೆಂಡು ಬೆಳಕು ಬೇಕು. ಅಷ್ಟು ಹೊತ್ತು ಉಸಿರು ಬಿಗಿಹಿಡಿದು ಕಂಬಕ್ಕೊರಗಿ ನಿಂತರೂ ಕೈ ನಡುಗದೆ ಇರುವುದಿಲ್ಲ. ಫಿಲ್ಮಿನ ಸೂಕ್ಷ್ಮತೆ ಕೊಂಡಾಗಲೇ ಗಟ್ಟಿ. ಬಿಸಿಲಿಗೆಂದು ನೂರರ ರೀಲು ಹಾಕಿದರೆ, ಗುಡಿಯೊಳಗೂ 36 ಮುಗಿಯುವ ತನಕ ಅದೇ ನೂರು. ಡಿಜಿಟಲ್ಲಿನಲ್ಲಿ ಫಿಲ್ಮಿನ ಜಾಗಕ್ಕೆ ಸೆನ್ಸರ್ ಬಂತು. ಬೆಳಕು ಬಿದ್ದಷ್ಟು ವಿದ್ಯುತ್ತು ಹುಟ್ಟಿಸುವ ಲಕ್ಷಾಂತರ ಕಿರುಗುಣಿಗಳ ಗದ್ದೆ ಅದು. ಹುಟ್ಟಿದ ಸಂಕೇತ ಕ್ಷೀಣವಾಗಿದ್ದರೆ ಹಿಗ್ಗಿಸಿಕೊಳ್ಳಬಹುದು. ಹೊಸ್ತಿಲಾಚೆ 200, ಹೊಸ್ತಿಲೀಚೆ 3200. ಕಾಳುಕಾಳಾಗಿ ಕಂಡೀತು, ಆದರೆ ಛತ್ತಿನ ಕಮಲ ಸಿಗುತ್ತದೆ.

ಊರಿನ ಸ್ಟುಡಿಯೋಗಳಿಗೆ ಇಷ್ಟೆಲ್ಲ ತರ್ಕ ಬೇಕಾಗಿರಲಿಲ್ಲ. ಮದುವೆಗೆ ಹತ್ತು ರೀಲು ಹಾಕಿ, ತಾಳಿ ಕಟ್ಟುವಾಗಿನ ಫೋಟೊದಲ್ಲಿ ಮದುಮಗ ಕಣ್ಣು ಮುಚ್ಚಿದ್ದಾನೆಂದು ನಾಲ್ಕು ದಿನದ ಮೇಲೆ ತಿಳಿದು, ಬೀಗರ ಬೈಗುಳ ತಿಂದವರಿಗೆ ಹಿಂಬದಿಯ ಸಣ್ಣ ಪರದೆಯೇ ದೇವರು. ನಮ್ಮ ಯಜಮಾನರು ಡಾರ್ಕ್ ರೂಮಿನ ಕೆಂಪು ಬಲ್ಬು ತೆಗೆದು ಕಂಪ್ಯೂಟರ್ ಇಟ್ಟರು. ಸ್ಟುಡಿಯೋದ ಬೋರ್ಡು ಮಾತ್ರ ಅದೇ. ಅದರ ಮೇಲಿನ ಜಿಲ್ಲೆಯ ಹೆಸರನ್ನು ಅವರು ಮೂರು ಸಲ ಅಳಿಸಿ ಬರೆಸಿದ್ದಾರೆ: 1997ರಲ್ಲಿ ಬಳ್ಳಾರಿ ಹೋಗಿ ದಾವಣಗೆರೆ, 2018ರಲ್ಲಿ ಮತ್ತೆ ಬಳ್ಳಾರಿ, 2021ರಲ್ಲಿ ವಿಜಯನಗರ. ‘ಕ್ಯಾಮೆರಾ ಎರಡು ಸಲ ಬದಲು ಮಾಡೀನ್ರಿ, ಜಿಲ್ಲಾ ಮೂರು ಸಲ’ ಎಂದು ನಗುತ್ತಾರೆ.

ಅವರ ಬೀರುವಿನಲ್ಲಿ ನೆಗೆಟಿವ್‌ಗಳ ಕಟ್ಟುಗಳಿವೆ, ಇಸವಿ ಬರೆದು ದಾರ ಕಟ್ಟಿಟ್ಟದ್ದು. ಮೊನ್ನೆ ನಾನು ಕೂತಿದ್ದಾಗಲೇ ಒಬ್ಬ ಹುಡುಗ ಬಂದ. ತಂದೆ ತೀರಿಕೊಂಡು ಐದು ದಿನ. ಕಾರ್ಯಕ್ಕೆ ಹಾರ ಹಾಕಿಡಲು ದೊಡ್ಡ ಫೋಟೊ ಬೇಕು. ಮೊಬೈಲಿನಲ್ಲಿ ಅಪ್ಪನ ಫೋಟೊ ನೂರಾರಿದ್ದವು, ಎಲ್ಲ ಗುಂಪಿನಲ್ಲಿ ನಿಂತದ್ದು, ಎಲ್ಲ ವಾಟ್ಸ್ಆ್ಯಪಿನಲ್ಲಿ ಬಂದದ್ದು. ವಾಟ್ಸ್ಆ್ಯಪು ಸಾಮಾನ್ಯವಾಗಿ ಚಿತ್ರದ ಉದ್ದವನ್ನು 1600 ಚುಕ್ಕಿಯ ಸುಮಾರಿಗೆ ಇಳಿಸಿಬಿಡುತ್ತದೆ. ಚೆನ್ನಾಗಿ ಪ್ರಿಂಟು ಬರಬೇಕಾದರೆ ಇಂಚಿಗೆ 300 ಚುಕ್ಕಿ ಬೇಕು. ಅಂದರೆ ಇಡೀ ಚಿತ್ರವೇ ಐದೂವರೆ ಇಂಚು ದಾಟುವುದಿಲ್ಲ. ಅದರಲ್ಲಿ ಮುಖವೊಂದನ್ನೇ ಕತ್ತರಿಸಿದರೆ ಉಳಿಯುವುದು ಅಂಚೆ ಚೀಟಿಯಷ್ಟು. ಅದನ್ನು 12-18 ಇಂಚಿಗೆ ಹಿಗ್ಗಿಸಿದಾಗ ಪರದೆಯ ಮೇಲೆ ಅಪ್ಪನ ಮುಖ ಇಟ್ಟಿಗೆ ಜೋಡಿಸಿದ ಗೋಡೆಯಾಯಿತು. ಯಜಮಾನರು ಹುಡುಗನನ್ನು ಕೂರಿಸಿ, ‘ನಿಮ್ಮಪ್ಪನ ಮದುವಿ ಯಾವ ಇಸ್ವಿ ತಮ್ಮಾ’ ಎಂದು ಕೇಳಿ, ಬೀರು ತೆಗೆದರು. ಅರ್ಧ ತಾಸಿನ ಮೇಲೆ ಒಂದು ನೆಗೆಟಿವ್ ಸಿಕ್ಕಿತು. ಬಾಸಿಂಗ ಕಟ್ಟಿಕೊಂಡ ಇಪ್ಪತ್ತನಾಲ್ಕರ ಹರೆಯದ ಅಪ್ಪ. ಹುಡುಗ ಅದನ್ನು ನೋಡಿ, ಇಷ್ಟು ಸಣ್ಣ ವಯಸ್ಸಿನದು ಬೇಡ ಅಂದ. ಕೊನೆಗೆ ಮಸುಕಾದದ್ದೇ ಕಟ್ಟು ಹಾಕಿಸಿಕೊಂಡು ಹೋದ.

ಹೊಸಪೇಟೆಯ ಪಕ್ಕದ ಹಂಪಿಯಲ್ಲಿ 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳ ಮೇಲೆ ಚಿತ್ರ ತೆಗೆದಿದ್ದ. ಅವು ಉಳಿದುಕೊಂಡಿದ್ದರಿಂದಲೇ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ 1980ರ ದಶಕದಲ್ಲಿ ಅದೇ ಜಾಗಗಳಲ್ಲಿ ನಿಂತು ಮತ್ತೆ ಚಿತ್ರ ತೆಗೆದು ಹೋಲಿಸಲು ಸಾಧ್ಯವಾಯಿತು. ಇದನ್ನು ಹೇಳಿದರೆ ಯಜಮಾನರು ಬೀರುವಿನ ಕಡೆ ನೋಡಿ, ‘ಗೆದ್ದಲಿಗೂ ಸ್ವಲ್ಪ ಹೇಳ್ರಿ’ ಅಂದರು.

ಹಾಗಾದರೆ ಫಿಲ್ಮು ಬಿಟ್ಟು, ಕಿಟಕಿ ಉಳಿಸಿಕೊಳ್ಳಲು ಬರುವುದಿಲ್ಲವೇ? ನನ್ನ ಇಷ್ಟು ವರ್ಷದ ಒದ್ದಾಟ ಇದೇ. ಡಿಜಿಟಲ್ಲಿಗೆ ಬರುವಾಗ ನಾವು ಎರಡು ಬದಲಾವಣೆಗಳನ್ನು ಒಂದೇ ಪೊಟ್ಟಣದಲ್ಲಿ ಕೊಂಡುಬಿಟ್ಟೆವು. ಫಿಲ್ಮು ಹೋಗಿ ಸೆನ್ಸರ್ ಬಂದದ್ದು ಒಂದು. ಗಾಜಿನ ಕಿಟಕಿ ಹೋಗಿ ಪರದೆ ಬಂದದ್ದು ಇನ್ನೊಂದು. ಮೊದಲನೆಯದು ಲಾಭ, ಎರಡನೆಯದು ನಷ್ಟ ಎನ್ನುವುದು ನನ್ನ ಲೆಕ್ಕ. ಎರಡೂ ಜೊತೆಗೇ ಆಗಬೇಕೆಂದು ಯಾವ ಶಾಸ್ತ್ರದಲ್ಲೂ ಬರೆದಿಲ್ಲ.

2004ರಲ್ಲಿ ಎಪ್ಸನ್ ಕಂಪನಿ, ಹೌದು, ಪ್ರಿಂಟರ್ ಮಾಡುವ ಅದೇ ಎಪ್ಸನ್, ಆರ್‌ಡಿ1 ಎಂಬ ಮೊದಲ ಡಿಜಿಟಲ್ ರೇಂಜ್‌ಫೈಂಡರ್ ತಂದಿತು. 6 ಮೆಗಾಪಿಕ್ಸೆಲ್ಲು. ಅದರಲ್ಲಿ ಫಿಲ್ಮಿಲ್ಲದಿದ್ದರೂ ಪ್ರತಿ ಫೋಟೊಕ್ಕೂ ಹಳೆಯ ಕ್ಯಾಮೆರಾದಂತೆ ಲಿವರ್ ಎಳೆಯಬೇಕಿತ್ತು, ಷಟರನ್ನು ಹೂಡುವುದಕ್ಕೆ. ಎತ್ತಿಲ್ಲದಿದ್ದರೂ ಬಾರುಕೋಲು ಬಿಡದ ರೈತನ ಹಾಗೆ. 2006ರಲ್ಲಿ ಲೈಕಾ ಎಂ8 ಬಂತು. ಅದರದ್ದೊಂದು ಫಜೀತಿ: ಕಣ್ಣಿಗೆ ಕಾಣದ ಅವಗೆಂಪು ಕಿರಣಗಳು ಸೆನ್ಸರಿಗೆ ಕಾಣುತ್ತವೆ. ಅವನ್ನು ತಡೆಯುವ ಗಾಜನ್ನು ತೀರಾ ತೆಳ್ಳಗೆ ಇಟ್ಟಿದ್ದರಿಂದ ಕರಿಯ ಸಿಂಥೆಟಿಕ್ ಬಟ್ಟೆಗಳೆಲ್ಲ ಚಿತ್ರದಲ್ಲಿ ನೇರಳೆಯಾಗಿ ಬಂದವು. ಕಂಪನಿಯವರು ಕೊಂಡವರಿಗೆಲ್ಲ ಎರಡೆರಡು ಫಿಲ್ಟರ್ ಪುಕ್ಕಟೆ ಕೊಟ್ಟು ಸಮಾಧಾನ ಮಾಡಿದರು. 2009ರ ಎಂ9ರಲ್ಲಿ ಸೆನ್ಸರ್ ಫಿಲ್ಮಿನಷ್ಟೇ ಅಗಲವಾಯಿತು. ಅಲ್ಲಿಂದೀಚೆಗೆ ಕೊರತೆ ಎಂದರೆ ದುಡ್ಡಿನದೊಂದೇ. ಇವತ್ತಿನ ಲೈಕಾ ಎಂ, ಒಂದು ಲೆನ್ಸಿನ ಜೊತೆ, ಒಂದು ಟ್ರ್ಯಾಕ್ಟರಿನ ಬೆಲೆ. ಟ್ರ್ಯಾಕ್ಟರಾದರೆ ಬ್ಯಾಂಕು ಸಾಲವನ್ನೂ ಕೊಡುತ್ತದೆ.

ನನ್ನ ಎಲೆಕ್ಟ್ರೋ ಅಷ್ಟರಲ್ಲಿ ಮೂಲೆ ಸೇರಿತ್ತು. ಅದು ಬೇಡುವುದು 5.6 ವೋಲ್ಟಿನ ಪಾದರಸದ ಬ್ಯಾಟರಿ; ಅದರ ತಯಾರಿಕೆಯೇ ನಿಂತುಹೋಗಿದೆ. ಬ್ಯಾಟರಿಯಿಲ್ಲದಿದ್ದರೆ ಷಟರು ಸೆಕೆಂಡಿನ ಐನೂರನೇ ಒಂದು ಭಾಗದಲ್ಲಷ್ಟೇ ಓಡುತ್ತದೆ. ವಾಚು ರಿಪೇರಿಯವರೊಬ್ಬರು 6 ವೋಲ್ಟಿನ ಬ್ಯಾಟರಿಗೆ ಪೆನ್ನಿನ ಸ್ಪ್ರಿಂಗು, ಸಿಗರೇಟು ಪ್ಯಾಕಿನ ಬೇಗಡೆ ಸೇರಿಸಿ ಎರಡು ವರ್ಷ ಓಡಿಸಿಕೊಟ್ಟರು.

ಈಗ ನನ್ನ ಬಳಿ ಇರುವುದು ಹಳೆಯದು ಕೊಂಡ ಫ್ಯೂಜಿ ಎಕ್ಸ್100. 2011ರಲ್ಲಿ ಮಾರುಕಟ್ಟೆಗೆ ಬಂದದ್ದು. ಎರಡು ಮೂಗು ಕೂಡಿಸುವ ಆಟ ಇದರಲ್ಲಿಲ್ಲ, ಫೋಕಸ್ಸು ತಾನೇ ಮಾಡಿಕೊಳ್ಳುತ್ತದೆ. ಆದರೆ ಮೂಲೆಯಲ್ಲಿ ಗಾಜಿನ ಕಿಟಕಿಯಿದೆ, ಕಿಟಕಿಯಲ್ಲಿ ಗೆರೆಯ ಚೌಕಟ್ಟಿದೆ, ಗೆರೆಯಾಚೆಗೂ ಲೋಕವಿದೆ. ಮುಂದಿನ ಸಣ್ಣ ಲಿವರ್ ತಟ್ಟಿದರೆ ಅದೇ ಕಿಂಡಿಯಲ್ಲಿ ಗಾಜು ಹೋಗಿ ಪರದೆ ಬರುತ್ತದೆ. ಇನ್ನೊಮ್ಮೆ ತಟ್ಟಿದರೆ ಪರದೆ ಹೋಗಿ ಗಾಜು. ಷಟರು ಹಳೆಯದರಂತೆ ಲೆನ್ಸಿನೊಳಗಿನ ಎಲೆಯದು, ಸದ್ದಿಲ್ಲ.

2017ರ ಫೆಬ್ರವರಿಯಲ್ಲಿ ಕೊಟ್ಟೂರಿನ ತೇರು ಎಳೆಯುತ್ತಿದ್ದಾಗಲೇ ಉರುಳಿಬಿತ್ತು. ಮನೆ ಮುಟ್ಟುವುದರೊಳಗೆ ನನ್ನ ಮೊಬೈಲಿಗೆ ನಾಲ್ಕು ದಿಕ್ಕಿನಿಂದ ತೆಗೆದ ವಿಡಿಯೊಗಳು ಬಂದಿದ್ದವು. ಫಿಲ್ಮಿನ ಕಾಲವಾಗಿದ್ದರೆ ಇಬ್ಬರೋ ಮೂವರೋ ತೆಗೆದ ಚಿತ್ರ, ಅದೂ ಬಿದ್ದಾದ ಮೇಲಿನದು. ಇಂಥ ಕಡೆ ಕಿಟಕಿ ಗಿಟಕಿ ಎಂದು ವಾದ ಮಾಡಲು ನನಗೆ ಬಾಯಿಲ್ಲ.

ಆದರೂ ಹೋದ ಸಲ ಮೈಲಾರಕ್ಕೆ ಎಕ್ಸ್100 ಹಿಡಿದು ಹೋದೆ. ಗೊರವಯ್ಯ ಬಿಲ್ಲೇರುತ್ತಲೇ ಡೆಂಕನಮರಡಿಯ ಮೇಲೆ ಸಾವಿರಾರು ಮೊಬೈಲುಗಳು ಎದ್ದು ನಿಂತವು, ಜೋಳದ ತೆನೆಯ ಹಾಗೆ. ‘ಸದ್ದಲೇ’ ಎಂದ, ಸದ್ದು ನಿಂತಿತು. ಲಿವರ್ ಗಾಜಿನ ಕಡೆಗಿತ್ತು. ಬಿಲ್ಲನ್ನು ಗೆರೆಯೊಳಗೆ ಕೂರಿಸಿಕೊಂಡು ಬೆರಳಿಟ್ಟು ಕಾಯುತ್ತಿದ್ದಾಗ, ಎಡಗಡೆ ಗೆರೆಯಾಚೆಗೆ ಒಬ್ಬ ಮುದುಕಿ ಕಾಣಿಸಿದಳು. ಹಳದಿ ಭಂಡಾರ ಹಣೆಯಿಂದ ಮೂಗಿಗಿಳಿದಿದೆ. ಬಿಲ್ಲಿನ ಕಡೆ ನೋಡುತ್ತಿಲ್ಲ, ಕಣ್ಣು ಗಟ್ಟಿ ಮುಚ್ಚಿ, ಕಿವಿಯೊಂದನ್ನೇ ಮೇಲಕ್ಕೆ ಕೊಟ್ಟು ನಿಂತಿದ್ದಾಳೆ. ಕ್ಯಾಮೆರಾ ತಾನಾಗಿಯೇ ಆ ಕಡೆ ತಿರುಗಿತು.

ಮಾರನೇ ದಿನ ಹರಪನಹಳ್ಳಿಯಲ್ಲಿ ಯಜಮಾನರ ಮಗ ಕಾರ್ಡು ಹಾಕಿ ಕಂಪ್ಯೂಟರಿನಲ್ಲಿ ತೋರಿಸುತ್ತಾ ಹೋದ. ಮುದುಕಿ, ಮುದುಕಿ, ಮತ್ತೆ ಮುದುಕಿ, ಆಮೇಲೆ ಎದ್ದು ಹೊರಟ ಜನರ ಬೆನ್ನು. ಹಿಂದೆ ಕುರ್ಚಿಯಲ್ಲಿ ಕೂತು ಚಹಾ ಕುಡಿಯುತ್ತಿದ್ದ ಯಜಮಾನರು ಕನ್ನಡಕ ಹಣೆಗೇರಿಸಿದರು.

‘ಕಾರ್ಣಿಕ ಎಲ್ಲೈತ್ರಿ ಮೇಷ್ಟ್ರೆ? ಮತ್ತೆ ಮುಚ್ಚಳ ಹಾಕಿದ್ರೇನು?’